80 ಮೀಟರ್ ಮರಳಿನ ಪಾಠ

ಆಸ್ಟ್ರೇಲಿಯದ ಸಿಡ್ನಿ ಎಂದೊಡನೆ ಬೋಂಡೈ ಕಡಲತೀರ ನೆನಪಾಗುವುದು ಸಹಜ. ಅಲ್ಲಿಂದ ಬಂಡೆಗಳ ಅಂಚಿನ ಕಾಲುದಾರಿ ಹಿಡಿದು ದಕ್ಷಿಣಕ್ಕೆ ಸ್ವಲ್ಪ ಹೊತ್ತು ನಡೆದರೆ ಸಿಗುವ ಟಮರಾಮದ ಹೆಸರು ಕೇಳಿದವರು ಮಾತ್ರ ಕಡಿಮೆ. ಅದೊಂದು ಪುಟ್ಟ ಬಡಾವಣೆ. ಅದರ ಮಡಿಲಲ್ಲಿ ಪುಟ್ಟ ಕಡಲತೀರ. ನೀರಂಚಿನ ಉದ್ದ ಸುಮಾರು 80 ಮೀಟರ್. ಶಾಲೆಯ ಕ್ರೀಡಾಕೂಟದ 100 ಮೀಟರ್ ಓಟವನ್ನೂ ಅಲ್ಲಿ ನಡೆಸಲಾಗದು!

ಎರಡು ಕಡೆ ಮರಳುಗಲ್ಲಿನ ಎತ್ತರದ ಬಂಡೆಗಳು, ಹಿಂದೆ ಹುಲ್ಲುಹಾಸಿನ ಉದ್ಯಾನ, ಮುಂದೆ ನೀಲಿ ಸಮುದ್ರ. ಅಲೆಸವಾರಿ ಮಾಡುವವರಿಗೆ ಪ್ರಿಯವಾದ ತಾಣ. ಚಿತ್ರಪಟದಂತೆ ಕಾಣುವ ಈ ತೀರ ನ್ಯೂ ಸೌತ್ ವೇಲ್ಸ್ ರಾಜ್ಯದ ಅತ್ಯಂತ ಅಪಾಯಕಾರಿ ತೀರಗಳ ಸಾಲಿಗೆ ಸೇರಿದೆ ಎಂದರೆ ನಂಬುವುದು ಕಷ್ಟ. ಅದಕ್ಕೆ ಕಾರಣ ಅದರ ಆಕಾರದಲ್ಲೇ ಅಡಗಿದೆ.

ಅಲೆಗಳು ಒಂದರ ಹಿಂದೊಂದು ಬಂದು ದಡಕ್ಕೆ ನೀರು ತುಂಬುತ್ತಲೇ ಇರುತ್ತವೆ. ಬಂದ ನೀರು ಸಮುದ್ರಕ್ಕೆ ಮರಳಲೇಬೇಕಲ್ಲ! ಅದು ಸುಲಭವಾದ ದಾರಿ ಹುಡುಕುತ್ತದೆ. ಮರಳಿನ ದಿಬ್ಬಗಳ ನಡುವೆಯೋ ಬಂಡೆಯ ಪಕ್ಕದಲ್ಲೋ ಕಾಲುವೆ ಕೊರೆದುಕೊಂಡು ಹೊರಗೆ ಹರಿಯುತ್ತದೆ. ಇದನ್ನೇ ಇಂಗ್ಲಿಷ್ ಬಲ್ಲವರು 'ರಿಪ್' ಎನ್ನುತ್ತಾರೆ. ಟಮರಾಮದಂಥ ಇಕ್ಕಟ್ಟಾದ ತೀರದಲ್ಲಿ ಬಂಡೆಗಳ ಮಗ್ಗುಲಲ್ಲೇ ಇಂಥ ಸೆಳವು ಹುಟ್ಟುವುದರಿಂದ, ಈಜಲು ಉಳಿಯುವ ಸುರಕ್ಷಿತ ಜಾಗ ಅತ್ಯಲ್ಪ. ಬಲವಾದ ಸೆಳವು ಸೆಕೆಂಡಿಗೆ 2 ಮೀಟರ್ ವೇಗವನ್ನೂ ಮುಟ್ಟಬಲ್ಲದು. ಆ ವೇಗದ ಎದುರು ಒಲಿಂಪಿಕ್ ಈಜುಗಾರನೂ ಹೆಚ್ಚು ಹೊತ್ತು ಮುಂದೆ ಸಾಗಲಾರ.

ಇಲ್ಲಿ ಕಣ್ಣಿಗಾಗುವ ಮೋಸವೊಂದಿದೆ. ನೊರೆಯೆದ್ದು ಅಲೆ ಮುರಿಯುವ ಜಾಗ ಭಯಂಕರವಾಗಿ ಕಾಣುತ್ತದೆ; ಅದರ ಪಕ್ಕದಲ್ಲಿ ಅಲೆಯಿಲ್ಲದ, ಕಡುಬಣ್ಣದ, ಶಾಂತವಾದ ನೀರಿನ ಪಟ್ಟಿ ಕಾಣುತ್ತದೆ. ಹೊಸಬರು 'ಇಲ್ಲಿ ಅಲೆಯೇ ಇಲ್ಲ' ಎಂದು ಅಲ್ಲೇ ಇಳಿಯುತ್ತಾರೆ. ನೀರು ಆಳವಾಗಿರುವುದರಿಂದಲೇ ಅಲ್ಲಿ ಅಲೆ ಮುರಿಯುವುದಿಲ್ಲ. ಸೆಳವು ಇರುವುದೂ ಸಾಮಾನ್ಯವಾಗಿ ಅಲ್ಲಿಯೇ! ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಕರಾವಳಿ ವಿಜ್ಞಾನಿ ರಾಬ್ ಬ್ರಾಂಡರ್ ಇದನ್ನು ಜನರಿಗೆ ತೋರಿಸಲು ಹಾನಿಯಿಲ್ಲದ ನೇರಳೆ ಬಣ್ಣವನ್ನು ನೀರಿಗೆ ಸುರಿದರು. ದಡದ ಬಳಿ ಬಿಟ್ಟ ಬಣ್ಣ ನೋಡನೋಡುತ್ತಿದ್ದಂತೆ ಅಲೆಗಳಾಚೆಗೆ ಸಾಗುವ ಆ ಚಿತ್ರಗಳು ಉಪನ್ಯಾಸಕ್ಕಿಂತ ಚೆನ್ನಾಗಿ ವಿಷಯ ತಿಳಿಸುತ್ತವೆ.

ಇಷ್ಟು ಅಪಾಯವಿದ್ದರೆ ತೀರವನ್ನೇ ಮುಚ್ಚಬಹುದಲ್ಲ ಎಂದು ಕೇಳಬಹುದು. ಟಮರಾಮಕ್ಕೆ ಒಮ್ಮೆ ನಿಜವಾಗಿಯೂ ಬೇಲಿ ಬಿದ್ದಿತ್ತು. ಅಪಾಯದ ಕಾರಣಕ್ಕಲ್ಲ, ವ್ಯಾಪಾರಕ್ಕಾಗಿ. 1906ರಲ್ಲಿ ವಿಲಿಯಂ ಆಂಡರ್ಸನ್ ಎಂಬ ನಾಟಕ ಕಂಪನಿಯ ಮಾಲೀಕರು ಇಲ್ಲಿ 'ವಂಡರ್‌ಲ್ಯಾಂಡ್ ಸಿಟಿ' ಎಂಬ ಮನರಂಜನಾ ಉದ್ಯಾನ ತೆರೆದರು. ಸ್ಕೇಟಿಂಗ್ ಅಂಗಳ, ಕೃತಕ ಕೊಳ, ಆನೆ ಎಲ್ಲವೂ ಇದ್ದವು. ಟಿಕೆಟ್ಟಿಲ್ಲದೆ ಯಾರೂ ನುಸುಳದಂತೆ ಮುಳ್ಳುತಂತಿಯ ಬೇಲಿಯೂ ಬಂತು. ಸಮುದ್ರಕ್ಕೆ ಹೋಗುವ ದಾರಿ ಬಂದ್ ಆಯಿತೆಂದು ಈಜುಗಾರರು ತಿರುಗಿಬಿದ್ದರು. ಕೊನೆಗೆ 1907ರಲ್ಲಿ ಸರ್ಕಾರ ತೀರದುದ್ದಕ್ಕೂ 12 ಅಡಿ ಅಗಲದ ಜಾಗವನ್ನು ವಶಕ್ಕೆ ಪಡೆದು ಸಾರ್ವಜನಿಕರಿಗೆ ದಾರಿ ಮಾಡಿಕೊಟ್ಟಿತು. 1911ರಲ್ಲಿ ಉದ್ಯಾನವೇ ಮುಚ್ಚಿಹೋಯಿತು.

ದಾರಿ ಬಿಡಿಸಿಕೊಂಡರೆ ಸಾಲದು, ಕಾಯುವವರೂ ಬೇಕು. ಅದನ್ನೂ ಆ ಜನ ತಾವೇ ಹೊತ್ತರು. ಟಮರಾಮದ ಜೀವರಕ್ಷಕರ ಕ್ಲಬ್ಬು ಹುಟ್ಟಿದ್ದೂ 1906ರಲ್ಲೇ. ಇಂಥ ಕ್ಲಬ್ಬುಗಳ ಸದಸ್ಯರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಇವರ ಬೆಲೆ ಏನೆಂಬುದು 1938ರ ಫೆಬ್ರವರಿ 6ರಂದು ಪಕ್ಕದ ಬೋಂಡೈಯಲ್ಲಿ ಗೊತ್ತಾಯಿತು. ಸಾಲಾಗಿ ಬಂದ ಭಾರೀ ಅಲೆಗಳು ನೂರಾರು ಜನರನ್ನು ಒಮ್ಮೆಗೇ ಒಳಗೆಳೆದವು. 5 ಮಂದಿ ತೀರಿಕೊಂಡರು. ಸುಮಾರು 250 ಮಂದಿಯನ್ನು ಜೀವರಕ್ಷಕರು ಎಳೆದು ತಂದರು.

ಇಂದಿಗೂ ಅಲ್ಲಿ ಜೀವರಕ್ಷಕರು ಸಮುದ್ರವನ್ನು ಪರೀಕ್ಷಿಸಿ, ಆ ಹೊತ್ತಿಗೆ ಎಲ್ಲಿ ಈಜಬಹುದೋ ಅಲ್ಲಿ ಕೆಂಪು-ಹಳದಿ ಬಾವುಟಗಳನ್ನು ನೆಡುತ್ತಾರೆ. ಸೆಳವು ಜಾಗ ಬದಲಿಸಿದರೆ ಬಾವುಟಗಳೂ ಜಾಗ ಬದಲಿಸುತ್ತವೆ. ಬೇಸಿಗೆಯಲ್ಲಿ 'ನಿಪ್ಪರ್ಸ್' ಎಂಬ ತರಗತಿಗಳಲ್ಲಿ 5 ವರ್ಷದ ಮಕ್ಕಳೂ ಕಡಲನ್ನು ಓದಲು ಕಲಿಯುತ್ತಾರೆ. ಆದರೂ ಆಸ್ಟ್ರೇಲಿಯದಲ್ಲಿ ಸೆಳವಿಗೆ ಸಿಕ್ಕಿ ವರ್ಷಕ್ಕೆ ಸರಾಸರಿ 20ಕ್ಕೂ ಹೆಚ್ಚು ಜನ ಸಾಯುತ್ತಾರೆ. ಕಲಿತವರ ನಾಡಿನಲ್ಲೇ ಹೀಗಾದರೆ, ಕಲಿಯದವರ ಪಾಡೇನು?

ಈ ಪ್ರಶ್ನೆ ನಮ್ಮದೂ ಹೌದು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ 4 ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಪ್ರಾಣ ಕಳೆದುಕೊಂಡರು. ಆ ಬಳಿಕ ಕೆಲಕಾಲ ಅಲ್ಲಿ ಪ್ರವೇಶ ನಿಷೇಧಿಸಲಾಗಿತ್ತು. ನಿಷೇಧ ಆ ಕ್ಷಣಕ್ಕೆ ಅಗತ್ಯವೇ. ಆದರೆ ಬಯಲುಸೀಮೆಯ ಮಗು ಮೊದಲ ಸಲ ಸಮುದ್ರ ಕಂಡಾಗ ಆಗುವ ಹಿಗ್ಗನ್ನು ಯಾವ ಬೇಲಿಯೂ ತಡೆಯಲಾರದು. ಬಸ್ಸು ಹತ್ತುವ ಮೊದಲೇ ಮಗುವಿಗೆ ನಾಲ್ಕು ಮಾತು ಹೇಳಿರಬೇಕು.

ಮೊದಲನೆಯದು, ನೀರಿಗಿಳಿಯುವ ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ಸಮುದ್ರ ನೋಡಬೇಕು. ಶಾಂತವಾಗಿ ಕಾಣುವ ಕಡುಬಣ್ಣದ ಪಟ್ಟಿಯಿಂದ ದೂರವಿರಬೇಕು. ಎರಡನೆಯದು, ಜೀವರಕ್ಷಕರಿಲ್ಲದ ಕಡೆ, ಕೆಂಪು ಬಾವುಟವಿರುವ ಕಡೆ ಇಳಿಯಲೇಬಾರದು. ಈಜು ಬಾರದವರಿಗೆ ಮೊಣಕಾಲುದ್ದದ ನೀರೂ ನಂಬಿಕೆಗೆ ತಕ್ಕದ್ದಲ್ಲ. ಮುಂದಿನ ಅಲೆಗೆ ಅದು ಎದೆ ಮುಟ್ಟೀತು. ಮೂರನೆಯದು, ಸೆಳವು ಮನುಷ್ಯನನ್ನು ಕೆಳಗೆಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಮುಳುಗಿಸುವುದು ಗಾಬರಿ ಮತ್ತು ಆಯಾಸ. ಸಿಕ್ಕಿಬಿದ್ದವರು ಎದುರು ಈಜದೆ ತೇಲುತ್ತಾ ಕೈಯೆತ್ತಿ ಕೂಗಬೇಕು. ಶಕ್ತಿಯಿದ್ದರೆ ಪಕ್ಕಕ್ಕೆ, ಬಿಳಿ ನೊರೆಯ ಕಡೆಗೆ ಸರಿಯಬೇಕು. ನಾಲ್ಕನೆಯದು, ಗೆಳೆಯ ಮುಳುಗುತ್ತಿದ್ದಾನೆಂದು ಹಿಂದೆಯೇ ಧುಮುಕಬಾರದು. ಮುಚ್ಚಳ ಹಾಕಿದ ಖಾಲಿ ಕ್ಯಾನನ್ನೋ ಹಗ್ಗವನ್ನೋ ಎಸೆದು, ಜೀವರಕ್ಷಕರನ್ನು ಕರೆಯಬೇಕು.

ಪ್ರವಾಸದ ಚೀಟಿಗೆ ಸಹಿ ಹಾಕುವ ತಂದೆತಾಯಂದಿರು ಊಟ, ವಸತಿ, ವಾಪಸಾಗುವ ವೇಳೆ ಎಲ್ಲವನ್ನೂ ವಿಚಾರಿಸುತ್ತಾರೆ. ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: 'ಕಡಲಿಗೆ ಕರೆದೊಯ್ದರೆ, ಅಲ್ಲಿ ಕಾಯುವವರು ಯಾರು?' ಉತ್ತರ ಸಿಕ್ಕಿದ ಮೇಲೆ ಸಹಿ ಹಾಕಿದರಾಯಿತು.