ಗೃಹವಿಚಾರ: ಕಿಸೆಯ ಸಂಗೀತಯಂತ್ರ

ಕಿಸೆಯಲ್ಲಿರಿಸಿ ಹಾಡು ಕೇಳುವ ಡಿಜಿಟಲ್ ಯಂತ್ರವನ್ನು ಕೊಳ್ಳುವ ಗೃಹಸ್ಥರು ಅದರ ಅಂದವನ್ನು ನೋಡುವ ಮೊದಲು, ಹಾಡುಗಳು ಎಲ್ಲಿ ನೆಲೆಸಿರುವುವೆಂಬುದನ್ನು ವಿಚಾರಿಸತಕ್ಕದ್ದು. ೨೦೦೧ರಲ್ಲಿ ಹೊರಬಂದು ಲೋಕಪ್ರಸಿದ್ಧವಾದ ಐಪಾಡಿನ ತಯಾರಿಕೆಯೂ ೨೦೨೨ರಲ್ಲಿ ನಿಂತುಹೋಯಿತು; ಅದರಲ್ಲಿ ಮೆಮೊರಿ ಕಾರ್ಡಿಗೆ ಎಡೆಯೇ ಇರಲಿಲ್ಲ. ಕಾರ್ಡನ್ನು ಹಾಕಿ ತೆಗೆಯಲು ಬರುವಂತಿದ್ದರೆ, ಯಂತ್ರವು ಕೆಟ್ಟರೂ ಹಾಡು ಉಳಿಯುವುದು. ೩೨ ಜಿ.ಬಿ. ಕಾರ್ಡಿನಲ್ಲಿ, ಸೆಕೆಂಡಿಗೆ ೧೨೮ ಕಿಲೋಬಿಟ್ಟಿನ ಎಂಪಿ೩ ಹಾಡುಗಳು ೫೦೦ ಗಂಟೆಗಳಿಗೂ ಮಿಕ್ಕಿ ಹಿಡಿಸುವುವು. ವೃದ್ಧರಿಗೆ ಗಾಜಿನ ಪರದೆಗಿಂತ ಕೈಗೆ ತಿಳಿಯುವ ಗುಂಡಿಗಳೇ ಅನುಕೂಲ.

ಆದರೆ ಕಾರ್ಡೂ ಕೆಡತಕ್ಕ ವಸ್ತುವೇ. ಆದುದರಿಂದ ಇನ್ನೊಂದು ಪ್ರತಿಯನ್ನು ಬೇರೆಡೆ ಇರಿಸುವುದು ಅವಶ್ಯಕ. ಅಂಗಡಿಯ ಹಾಡು ಮತ್ತೆ ದೊರೆತೀತು. ಅಜ್ಜಿಯ ಕಂಠದಿಂದ ಧ್ವನಿಮುದ್ರಿಸಿಕೊಂಡ ಹಸೆಯ ಹಾಡು ಒಮ್ಮೆ ಅಳಿದರೆ ಯಾವ ಹಣಕ್ಕೂ ದೊರೆಯದು.