ಮೇಜಿನ ಮೇಲೆ ಉಕ್ಕಿನ ದೈತ್ಯರು

ಮನೆಯ ಹುಡುಗನು ಆರು ಮೂಲೆಯ ಮನೆಗಳನ್ನು ಬರೆದ ಕಾಗದವನ್ನು ಮೇಜಿನ ಮೇಲೆ ಹರಡಿಕೊಂಡು, ಎರಡು ದಾಳಗಳನ್ನುರುಳಿಸುತ್ತ, ‘ನನ್ನ ಯಂತ್ರಕ್ಕೆ ಕಾವೇರಿತು’ ಎಂದು ಹಲುಬುತ್ತಿದ್ದರೆ ತಾಯಿತಂದೆಗಳು ಗಾಬರಿಗೊಳ್ಳಬೇಕಾದುದಿಲ್ಲ. ಅವನು ಆಡುತ್ತಿರುವುದು ಬಹುಶಃ ‘ಬ್ಯಾಟಲ್‌ಟೆಕ್’ ಎಂಬ ಆಟ. ಇದಕ್ಕೆಷ್ಟು ಹಣ ಸುರಿಯಬೇಕು, ಯುದ್ಧವನ್ನು ಆಟವಾಗಿ ಆಡುವುದು ಮಕ್ಕಳಿಗೆ ಹಿತವೇ ಎಂಬ ಎರಡು ಪ್ರಶ್ನೆಗಳು ಹಿರಿಯರನ್ನು ಕಾಡುವುದು ಸಹಜ. ಉತ್ತರಕ್ಕೆ ಮುನ್ನ ಆಟದ ಪರಿಚಯವಾಗಲಿ.

1984ರಲ್ಲಿ ಅಮೆರಿಕದ ಷಿಕಾಗೋ ನಗರದ ಫಾಸಾ ಎಂಬ ಸಂಸ್ಥೆ ಇದನ್ನು ‘ಬ್ಯಾಟಲ್‌ಡ್ರಾಯ್ಡ್ಸ್’ ಎಂಬ ಹೆಸರಿನಲ್ಲಿ ಹೊರತಂದಿತು. ‘ಡ್ರಾಯ್ಡ್’ ಎಂಬ ಮಾತು ತಮ್ಮದೆಂದು ‘ಸ್ಟಾರ್ ವಾರ್ಸ್’ ಚಿತ್ರದವರು ಹಕ್ಕು ಸಾಧಿಸಿದುದರಿಂದ, ಮರುವರ್ಷವೇ ಈಗಿನ ಹೆಸರು ಬಂದಿತು. ಫಾಸಾ 2001ರಲ್ಲಿ ಬಾಗಿಲು ಮುಚ್ಚಿದರೂ ಆಟ ಅಳಿಯಲಿಲ್ಲ. 2007ರಿಂದ ಕೆಟಲಿಸ್ಟ್ ಗೇಮ್ ಲ್ಯಾಬ್ಸ್ ಎಂಬವರು ಪ್ರಕಟಿಸುತ್ತಿದ್ದಾರೆ. ಕಥೆ ನಡೆಯುವುದು ಮುಂಬರುವ ಶತಮಾನಗಳಲ್ಲಿ. ಅಲ್ಲಿನ ರಣರಂಗವನ್ನಾಳುವುದು 20ರಿಂದ 100 ಟನ್ ತೂಕದ, ಒಳಗೆ ಮನುಷ್ಯನೇ ಕುಳಿತು ನಡೆಸುವ, ‘ಮೆಕ್’ ಎಂಬ ಯಂತ್ರದೈತ್ಯರು.

ಆಟದ ಕ್ರಮ ಕಠಿನವಲ್ಲ. ಒಂದು ಮನೆಯೆಂದರೆ 30 ಮೀಟರು; ಒಂದು ಸುತ್ತೆಂದರೆ 10 ಸೆಕೆಂಡು. ಸುತ್ತಿನ ಆರಂಭದಲ್ಲಿ ಇಬ್ಬರೂ ದಾಳ ಹಾಕುವರು. ಸೋತವನು ಮೊದಲು ಕಾಯಿ ನಡೆಸಬೇಕು. ಗೆದ್ದವನು ಅದನ್ನು ನೋಡಿಕೊಂಡು ತನ್ನದನ್ನು ನಡೆಸುವನು. ಬಳಿಕ ಗುಂಡಿನ ಸುರಿಮಳೆ. ಸಾಮಾನ್ಯ ಯೋಧನ ಗುರಿಯ ಅಂಕ 4. ಅವನು ನಡೆಯುತ್ತ ಹೊಡೆದರೆ ಅದಕ್ಕೆ 1, ಎದುರಾಳಿ ಐದಾರು ಮನೆ ಸರಿದಿದ್ದರೆ 2, ಮಧ್ಯಮ ದೂರವಾದರೆ ಮತ್ತೆ 2 ಕೂಡಬೇಕು, ಒಟ್ಟು 9. ಎರಡು ದಾಳಗಳಲ್ಲಿ 9 ಅಥವಾ ಹೆಚ್ಚು ಗರ ಬೀಳುವುದು 36ರಲ್ಲಿ 10 ಸಲ ಮಾತ್ರ. ಅದೇ ಹತ್ತಿರಕ್ಕೆ ಸರಿದು ಹೊಡೆದರೆ 7 ಸಾಕು. ಅವಕಾಶ 36ರಲ್ಲಿ 21ಕ್ಕೇರುವುದು. ಆದರೆ ಎದುರಾಳಿಗೂ ತಾವು ಹತ್ತಿರವಾದಿರಿ ಎಂಬುದನ್ನು ಮರೆಯಲಾಗದು!

ಈ ಆಟದ ಜೀವಾಳವಿರುವುದು ಕಾವಿನ ಲೆಕ್ಕದಲ್ಲಿ. ‘ವಾರ್‌ಹ್ಯಾಮರ್’ ಎಂಬ 70 ಟನ್ನಿನ ಮೆಕ್ಕಿನ ಮೂಲ ಮಾದರಿಯು ಒಂದು ಸುತ್ತಿನಲ್ಲಿ 18 ಅಂಶ ಕಾವನ್ನು ಹೊರಹಾಕಬಲ್ಲದು. ಅದರ ಎರಡು ದೊಡ್ಡ ತೋಪುಗಳು ತಲಾ 10, ಓಟ 2, ಎರಡು ಮಧ್ಯಮ ಲೇಸರುಗಳು ತಲಾ 3 ಅಂಶ ಕಾವನ್ನೀಯುತ್ತವೆ. ಆವೇಶದಿಂದ ಓಡುತ್ತ ಈ ನಾಲ್ಕನ್ನೂ ಹಾರಿಸಿದರೆ 28. ಹೊರಹೋದುದು ಕಳೆದು 10 ಉಳಿಯಿತು. ಮುಂದಿನ ಸುತ್ತಿನಲ್ಲಿ ನಡಿಗೆ ನಿಧಾನವಾಗುತ್ತದೆ, ಗುರಿ ಕೆಡುತ್ತದೆ. ಕಾವು ಇನ್ನೂ ಏರಿದರೆ ಯಂತ್ರ ಸ್ತಬ್ಧವಾದೀತು, ಒಳಗಿನ ಮದ್ದುಗುಂಡು ಸಿಡಿದೀತು. ಕೋಪಕ್ಕೆ ಕೈ ಕೊಟ್ಟವನು ವೈರಿಯಿಂದಲ್ಲ, ತನ್ನ ಕಾವಿನಿಂದಲೇ ಬೇಯುವನು.

ಇನ್ನು ಖರ್ಚಿನ ಮಾತು. ಆರಂಭಿಕರಿಗಾಗಿ ಸಂಕ್ಷಿಪ್ತ ನಿಯಮಗಳನ್ನು ಪ್ರಕಾಶಕರೇ ಉಚಿತವಾಗಿ ಒದಗಿಸಿದ್ದಾರೆ. ದಾಳ ಮನೆಯಲ್ಲಿರುವುದೇ ಸಾಕು. ರಟ್ಟಿನ ಬಿಲ್ಲೆಗಳನ್ನು ಕತ್ತರಿಸಿ, ಮುಖವೆತ್ತ ಇದೆಯೆಂದು ತೋರಲು ಬಾಣದ ಗುರುತು ಹಾಕಿದರೆ ಅವೇ ಕಾಯಿಗಳು. ನಾಲ್ಕಾರು ಸಂಜೆ ಕಳೆದ ಮೇಲೂ ಆಸಕ್ತಿ ಉಳಿದಿದ್ದರೆ ಎರಡು ಬೊಂಬೆಗಳಿರುವ ಆರಂಭದ ಪೆಟ್ಟಿಗೆಯನ್ನೋ, ಎಂಟು ಬೊಂಬೆಗಳ ದೊಡ್ಡ ಪೆಟ್ಟಿಗೆಯನ್ನೋ ಕೊಳ್ಳಬಹುದು. ಮೊದಲೇ ಕಪಾಟು ತುಂಬಿಸುವುದು ಜಾಣತನವಲ್ಲ. ಮೊದಲ ದಿನ ತಲೆಗೊಂದೇ ಮೆಕ್ ಇರಲಿ; ನಾಲ್ಕು ನಾಲ್ಕರಂತೆ ಹೂಡಿದರೆ ಊಟದ ಹೊತ್ತು ಮೀರೀತು.

ಕಾಳಗಕ್ಕಿಂತ ಕಥೆಯನ್ನು ಮೆಚ್ಚುವವರಿಗೆ ಪಾತ್ರಾಭಿನಯದ ಆಟಗಳುಂಟು. ಯೋಧನ ಬದುಕನ್ನೇ ವಸ್ತುವಾಗುಳ್ಳ ‘ಮೆಕ್‌ವಾರಿಯರ್’ 1986ರಲ್ಲಿಯೂ, ಇಪ್ಪತ್ತು ಮುಖದ ದಾಳದಿಂದಾಡುವ ‘ಲ್ಯಾನ್ಸರ್’ 2019ರಲ್ಲಿಯೂ ಬಂದುವು. ಎರಡನೆಯದರಲ್ಲಿ ಆಟಗಾರರಿಗೆ ಬೇಕಾದ ನಿಯಮಗಳು ಉಚಿತ. ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ಹೇಳುವನು. ಉಳಿದವರು ತಾಳಮದ್ದಳೆಯ ಅರ್ಥಧಾರಿಗಳಂತೆ ತಮ್ಮ ಪಾತ್ರದ ಮಾತನ್ನು ಆಶುವಾಗಿ ಆಡುವರು.

ಯುದ್ಧವನ್ನು ಆಡಬಹುದೇ? ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಬೊಂಬೆ ಸಿಪಾಯಿಗಳ ಕಾಳಗಕ್ಕೆ ನಿಯಮಗಳನ್ನು ಬರೆದು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನಾಗಿಸಿದನು. ಮನುಷ್ಯನು ಮಾಡುವುದೇ ಆದರೆ ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಲೇಸೆಂಬುದು ಅವನ ಅಭಿಪ್ರಾಯ. ಮರುವರ್ಷವೇ ಯೂರೋಪಿನಲ್ಲಿ ಮಹಾಯುದ್ಧ ಹೊತ್ತಿತು. ಆಟವು ಯುದ್ಧವನ್ನು ತಡೆಯಲಾರದು, ನಿಜ. ಆದರೆ ಪ್ರತಿಯೊಂದು ಹೊಡೆತಕ್ಕೂ ಬೆಲೆಯುಂಟೆಂಬುದನ್ನು ಹುಡುಗನು ಪೆನ್ಸಿಲು ಹಿಡಿದು, ತನ್ನ ಕೈಯಾರೆ ಕೂಡಿ ಕಳೆದು ಕಲಿಯುವನು. ಆ ಲೆಕ್ಕವನ್ನು ಅವನೊಬ್ಬನೇ ಮಾಡದಿರಲಿ. ಮುಂದಿನ ಭಾನುವಾರ ತಾವೂ ಎದುರಿಗೆ ಕುಳಿತು ಒಂದು ದೈತ್ಯನನ್ನು ನಡೆಸಿ ನೋಡಿ.