ಅಮ್ಮನ ದನಿಯ ಮೇಲೆ ಸಿನಿಮಾ ಹಾಡು

ರೇಷ್ಮೆ ಹುಳು ಸಾಕುವವರಿಗೆ ಗೊತ್ತು, ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ನಿದ್ದೆ ಎಂಬುದಿಲ್ಲ. ಸೊಪ್ಪು ಹಾಕಿ ಹುಳು ಮನೆಯ ಬಾಗಿಲು ಎಳೆದುಕೊಂಡರೆ ಒಳಗೆ ಸೋನೆ ಮಳೆ ಹಿಡಿದ ಹಾಗೆ ಸದ್ದು. ಹೋದ ಬೆಳೆಯಲ್ಲಿ ಅಂಥ ಒಂದು ರಾತ್ರಿ, ಬೆಂಗಳೂರಿಂದ ಬಂದಿದ್ದ ಮಗ "ಅಪ್ಪಾ, ಸುಮ್ಮನೆ ಕೂತಿರ್ತೀಯಲ್ಲ, ಇದನ್ನ ಕೇಳು" ಎಂದು ಮೊಬೈಲು ಕೊಟ್ಟು ಹೋಗಿ ಮಲಗಿದ. ಒಬ್ಬ ಹೆಂಗಸು, ಒಂದು ಗಿಟಾರು, ಹಿಂದೆ ಟೇಪು ಓಡುವ 'ಸುಂಯ್' ಸದ್ದು. ಮೊಬೈಲೇ ಕೆಟ್ಟಿದೆಯೇನೋ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಹುಳು ಸೊಪ್ಪು ತಿನ್ನುವ ಸದ್ದು ಯಾವುದು, ಟೇಪಿನ ಸದ್ದು ಯಾವುದು ಗೊತ್ತಾಗದಂತೆ ಎರಡೂ ಕೂಡಿಕೊಂಡವು. ದನಿ ಮಾತ್ರ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಹತ್ತಿರ.

ಹಾಡಿದವರು ಸಿಬಿಲೆ ಬೈಯರ್, ಜರ್ಮನಿಯ ಹೆಣ್ಣುಮಗಳು. ತಾವೇ ಕಟ್ಟಿದ ಹಾಡುಗಳನ್ನು 1970ರಿಂದ 1973ರೊಳಗೆ ಮನೆಯಲ್ಲೇ ಸುರುಳಿ ಟೇಪ್ ರೆಕಾರ್ಡರಿಗೆ ಹಾಡಿಟ್ಟರು. ವಿಮ್ ವೆಂಡರ್ಸ್ ಎಂಬ ಹೆಸರಾಂತ ನಿರ್ದೇಶಕರ 1974ರ ಚಿತ್ರವೊಂದರಲ್ಲಿ ಸ್ವಲ್ಪ ಹೊತ್ತು ಕಾಣಿಸಿಕೊಂಡರು. ಅದಾದ ಮೇಲೆ ಹೆಸರಿನ ಬೆನ್ನು ಹತ್ತಲಿಲ್ಲ. ಅಮೆರಿಕಕ್ಕೆ ಹೋಗಿ ಸಂಸಾರ ನೋಡಿಕೊಂಡರು. ಟೇಪುಗಳು ಸುಮಾರು ಮೂವತ್ತು ವರ್ಷ ಹಾಗೇ ಉಳಿದವು. ಕೊನೆಗೆ ಮಗ ಅವನ್ನು ಒಟ್ಟು ಮಾಡಿ, ಸಿ.ಡಿ.ಗೆ ಹಾಕಿ, ಮನೆಯವರಿಗೆ ಹಂಚಿದರು. ಒಂದು ಪ್ರತಿ ಜೆ. ಮ್ಯಾಸ್ಕಿಸ್ ಎಂಬ ಗಿಟಾರು ವಾದಕರಿಗೆ ಹೋಯಿತು. ಅವರ ಕೈಯಿಂದ ಆರೆಂಜ್ ಟ್ವಿನ್ ಎಂಬ ಸಣ್ಣ ಕಂಪನಿಗೆ ಮುಟ್ಟಿ, 2006ರಲ್ಲಿ 'ಕಲರ್ ಗ್ರೀನ್' ಎಂಬ 14 ಹಾಡುಗಳ ಧ್ವನಿಸುರುಳಿ ಹೊರಬಂತು.

ಇಂಥ ಮುದ್ರಣಕ್ಕೆ ಈಗಿನವರು 'ಲೋ-ಫೈ' ಅನ್ನುತ್ತಾರಂತೆ. ಅಂದರೆ ಸದ್ದುಗದ್ದಲವನ್ನು ತೊಳೆದು ಬಳಿದು ಸ್ವಚ್ಛ ಮಾಡದೆ ಇದ್ದದ್ದು ಇದ್ದ ಹಾಗೆ ಬಿಟ್ಟಿದ್ದು. ಕೇಳಿದರೆ ಉಸಿರು ಎಳೆದುಕೊಂಡಿದ್ದು ಗೊತ್ತಾಗುತ್ತದೆ, ಬೆರಳು ತಂತಿಯ ಮೇಲೆ ಜಾರಿದ್ದು ಗೊತ್ತಾಗುತ್ತದೆ. ಕೆಲಸ ಮುಗಿಸಿ ಸಂಜೆ ಮನೆಗೆ ಬಂದವಳ ದಣಿವು, ಹುಟ್ಟಿ ಬೆಳೆದ ಗುಡ್ಡಗಳಲ್ಲಿ ಏನೋ ಬಿಟ್ಟು ಬಂದೆನೆಂಬ ಹಂಬಲ, ಇಷ್ಟೇ ಅಲ್ಲಿನ ವಿಷಯ. ಪಕ್ಕದಲ್ಲಿ ಮಲಗಿದ ಕೂಸು ಏಳಬಾರದು ಎಂಬಂತೆ ತಗ್ಗಿದ ದನಿ. ಅದೇ ಹಾಡನ್ನು ಇಪ್ಪತ್ತು ಪಿಟೀಲು ಇಟ್ಟು ಎತ್ತರದ ದನಿಯಲ್ಲಿ ಹಾಡಿಸಿದ್ದರೆ ಕೇಳಿ ಮರೆತುಬಿಡುತ್ತಿದ್ದೆನೋ ಏನೋ.

ನನ್ನದು ಎಸ್ಸೆಸ್ಸೆಲ್ಸಿ ಇಂಗ್ಲಿಷು. ಆದರೂ ಅರ್ಧಕ್ಕರ್ಧ ತಿಳಿಯಿತು. ಯಾಕೆಂದು ಮಗನನ್ನು ಕೇಳಿದರೆ, "ಆಯಮ್ಮಂದೂ ಮನೆ ಮಾತು ಇಂಗ್ಲಿಷಲ್ಲಪ್ಪ, ಜರ್ಮನ್" ಅಂದ. ನನಗೆ ಆಗ ಮೈ ಝುಂ ಅಂದಿತು. ತಾಯಿಮಾತು ಬಿಟ್ಟು ಇನ್ನೊಂದು ಮಾತಿನಲ್ಲಿ ಹಾಡು ಕಟ್ಟಿದ ಹೆಂಗಸು! ಅದಕ್ಕೇ ಮಾತು ಅಷ್ಟು ಸರಳ. ಆಕೆಯ ಮೊದಲ ಹಾಡು ಹುಟ್ಟಿದ್ದು ಒಂದು ಪ್ರಯಾಣದಿಂದಂತೆ. ಮನಸ್ಸು ಕುಗ್ಗಿ ಕೂತಿದ್ದಾಗ ಗೆಳತಿಯೊಬ್ಬಳು ಎಳೆದುಕೊಂಡು ಹೊರಟಳು. ಸ್ಟ್ರಾಸ್‌ಬರ್ಗ್‌ ಮೇಲೆ ಹಾದು, ಆಲ್ಪ್ಸ್ ಬೆಟ್ಟ ದಾಟಿ, ಇಟಲಿಯ ಜಿನೋವಾವರೆಗೆ ಹೋಗಿಬಂದರು. ಆ ಸ್ಟ್ರಾಸ್‌ಬರ್ಗ್ ಜರ್ಮನಿ-ಫ್ರಾನ್ಸಿನ ಗಡಿಯೂರು. 1871ರಲ್ಲಿ ಜರ್ಮನಿಗೆ, 1918ರಲ್ಲಿ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಗೆ, 1944ರಲ್ಲಿ ಮತ್ತೆ ಫ್ರಾನ್ಸಿಗೆ ಎಂದು ಕೈ ಬದಲಾದ ಊರು. ಗಡಿಯ ಪಾಡು ಅಲ್ಲೂ ಒಂದೇ, ಇಲ್ಲೂ ಒಂದೇ.

ಇಷ್ಟೆಲ್ಲ ಹೇಳಲು ಕಾರಣ ನನ್ನ ತಪ್ಪು ಒಂದಿದೆ. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ನಮ್ಮದು ಮಡಕಶಿರಾ ಸೀಮೆ. ಮನೆ ಕನ್ನಡ, ಅಮ್ಮನ ತವರು ತೆಲುಗು. 1989ರಲ್ಲಿ ಕಡಲೆಕಾಯಿ ಮಾರಿದ ದುಡ್ಡಿನಲ್ಲಿ ಟೇಪ್ ರೆಕಾರ್ಡರು ತಂದು, ಅಮ್ಮನನ್ನು ಕೂರಿಸಿ ಎರಡು ಕ್ಯಾಸೆಟ್ಟು ತುಂಬ ಹಾಡಿಸಿದ್ದೆ. ಸೋಬಾನೆ, ಬೀಸೋ ಪದ, ಕಳೆ ಕೀಳುವಾಗಿನ ಪದ. ಸೊಲ್ಲು ಎತ್ತುತ್ತಿದ್ದದ್ದು ತೆಲುಗಿನಲ್ಲಿ, ಮುಗಿಸುತ್ತಿದ್ದದ್ದು ಕನ್ನಡದಲ್ಲಿ. ಜಾನಪದ ಸಂಗ್ರಹಿಸುವ ಒಬ್ಬರು ಬಂದಾಗ ಹೆಮ್ಮೆಯಿಂದ ಕೇಳಿಸಿದೆ. "ಇದು ಶುದ್ಧ ಇಲ್ಲ, ತೆಲುಗು ಬೆರೆತಿದೆ" ಅಂದರು. ತೆಲುಗು ಕಡೆಯವರಿಗೆ ಕೇಳಿಸಿದರೆ "ಇದಿ ಕನ್ನಡ ಪಾಟ ಕದಾ" ಅಂದರು. ಪದ್ಯ ಬರೆಯುವ ಹುಚ್ಚಿನ ವಯಸ್ಸು. ನನಗೇ ನಾಚಿಕೆಯಾಗಿ ಆ ಕ್ಯಾಸೆಟ್ಟುಗಳ ಮೇಲೆ ರೇಡಿಯೋದ ಸಿನಿಮಾ ಹಾಡು ತುಂಬಿಸಿಬಿಟ್ಟೆ. ಅಮ್ಮ 2003ರಲ್ಲಿ ಹೋದರು. ಈಗ ಆ ಕ್ಯಾಸೆಟ್ಟಿನಲ್ಲಿ ಎರಡು ಸಿನಿಮಾ ಹಾಡುಗಳ ನಡುವಿನ ಸಂದಿಯಲ್ಲಿ ಅಮ್ಮ ಒಮ್ಮೆ ಕೆಮ್ಮಿ, "ಆಯ್ತೇನೋ? ಚಾಲಾ?" ಎಂದು ಕೇಳುವುದಷ್ಟೇ ಉಳಿದಿದೆ. ಆ ಎರಡು ಮಾತಿನಲ್ಲೂ ಒಂದು ಕನ್ನಡ, ಒಂದು ತೆಲುಗು. ಶುದ್ಧ ಅಶುದ್ಧ ಎಂದವರ ಮೇಲೆ ಈಗ ಸಿಟ್ಟಿಲ್ಲ. ಅಳಿಸಿದ ಕೈ ನನ್ನದೇ.

ಕಾನಿ ಕಾನ್ವರ್ಸ್ ಎಂಬ ಅಮೆರಿಕದ ಇನ್ನೊಬ್ಬಾಕೆಯ ಕಥೆಯನ್ನೂ ಮಗನೇ ಹೇಳಿದ. 1954ರಲ್ಲಿ ಜೀನ್ ಡೈಚ್ ಎಂಬ ಕಾರ್ಟೂನ್ ಚಿತ್ರಗಳ ಕಲಾವಿದರು ಆಕೆಯ ಹಾಡುಗಳನ್ನು ತಮ್ಮ ಮನೆಯಲ್ಲೇ ಟೇಪು ಮಾಡಿದ್ದರು. ಕೇಳುವವರು ಹೆಚ್ಚಲಿಲ್ಲ. 1974ರಲ್ಲಿ, ಐವತ್ತನೇ ವಯಸ್ಸಿನಲ್ಲಿ, ಆಕೆ ಬಂಧುಗಳಿಗೆ ಪತ್ರ ಬರೆದಿಟ್ಟು ಕಾರು ಹತ್ತಿ ಹೋದವರು ಮತ್ತೆ ಸಿಗಲಿಲ್ಲ. ಧ್ವನಿಸುರುಳಿ ಬಂದದ್ದು 2009ರಲ್ಲಿ. ಬೈಯರ್ ಬದುಕಿದ್ದಾಗಲೇ ಅವರ ಹಾಡು ಲೋಕಕ್ಕೆ ಮುಟ್ಟಿತು, ಈಕೆಯದು ತಡವಾಯಿತು. ಎರಡೂ ಮನೆಯಲ್ಲಿ ಆದ ಮುದ್ರಣವೇ. ಯಾರೋ ಒಬ್ಬರು ಟೇಪನ್ನು ಬಿಸಾಡದೆ ಇಟ್ಟುಕೊಂಡಿದ್ದರಿಂದ ಇವತ್ತು ನಾವು ಕೇಳುತ್ತಿದ್ದೇವೆ.

"ಅಲ್ಲ ಸ್ವಾಮಿ, ಅವರು ಸ್ವಂತ ಕಟ್ಟಿ ಹಾಡಿದವರು, ನಮ್ಮ ಅಜ್ಜಿಯರು ಹಾಡುವುದು ಹಳೇ ಪದ, ಎರಡೂ ಒಂದೇ ಹೇಗೆ?" ಎಂದು ಕೇಳಬಹುದು. ನ್ಯಾಯವೇ. ಮನೆಯಲ್ಲಿ ಹಾಡಿದ್ದೆಲ್ಲ ಚಿನ್ನವೆಂದು ನಾನೂ ಹೇಳುವುದಿಲ್ಲ. ಆದರೆ ಬಿತ್ತನೆ ಬೀಜ ತೆಗೆದಿಡುವಾಗ ಯಾವ ಕಾಳು ಮೊಳೆಯುತ್ತದೆಂದು ಕಂಡುಕೊಂಡು ಇಡುತ್ತೇವೆಯೇ? ಮೊದಲು ಇಡಬೇಕು, ಆಮೇಲೆ ತೂಗಬೇಕು. ಒಂದೇ ಪದವನ್ನು ಇಬ್ಬರು ಅಜ್ಜಿಯರು ಹಾಡಿದರೆ ಒಬ್ಬರು ಹಾಕಿದ ಮಾತು ಇನ್ನೊಬ್ಬರು ಹಾಕುವುದಿಲ್ಲ. ಆ ಮಟ್ಟಿಗೆ ಅವರೂ ಕಟ್ಟಿದವರೇ.

ಕನ್ನಡದ ಕಡೆಯವರು ಕನ್ನಡವನ್ನಷ್ಟೇ ಆರಿಸಿಕೊಂಡು, ತೆಲುಗು ಕಡೆಯವರು ತೆಲುಗನ್ನಷ್ಟೇ ಆರಿಸಿಕೊಂಡರೆ ಗಡಿಯ ಹಾಡು ನಡುವೆ ಬಿದ್ದುಹೋಗುತ್ತದೆ. ಅದನ್ನು ಎತ್ತಿಕೊಳ್ಳಬೇಕಾದವರು ನಾವೇ. ಅದಕ್ಕೆ ಸ್ಟುಡಿಯೋ ಬೇಡ, ಸರ್ಕಾರದ ಕಡತ ಬೇಡ. ಸಂತೆಯಲ್ಲಿ ಕಾಯಿ ಮಾರುವವರ ಜೇಬಿನಲ್ಲೂ ಮೊಬೈಲಿದೆ. ಹಿತ್ತಲಲ್ಲಿ ಕೋಳಿ ಕೂಗಿದರೆ ಕೂಗಲಿ, ಮೊಮ್ಮಗು ಅತ್ತರೆ ಅಳಲಿ. ಅಮ್ಮ ತೆಲುಗು ಬೆರೆಸಿದರೆ ತಿದ್ದಬೇಡಿ. ಯಾವ ಊರು, ಯಾರಿಂದ ಕಲಿತದ್ದು, ಯಾವ ಕೆಲಸಕ್ಕೆ ಹಾಡುವ ಪದ ಎಂಬುದನ್ನು ಕೊನೆಗೆ ಅವರ ಬಾಯಲ್ಲೇ ಹೇಳಿಸಿ. ಪ್ರತಿ ಎರಡು ಕಡೆ ಇಡಿ, ಮೊಬೈಲು ಕಳೆದರೆ ಹಾಡೂ ಹೋಗಬಾರದು.

ಇನ್ನೊಂದು ಮಾತು. ಬೈಯರ್ ಅವರ ಮಗ ಮೊದಲು ಕೊಟ್ಟದ್ದು ಮನೆಯವರಿಗೆ. ನಾವೂ ಹಾಗೇ ಮಾಡೋಣ. ಹಾಡಿದವರನ್ನು ಕೇಳದೆ ವಾಟ್ಸಾಪಿನಲ್ಲಿ ಊರೆಲ್ಲ ಹಂಚುವುದು ಬೇಡ. ಅಡುಗೆ ಮನೆಯಲ್ಲಿ ಹಾಡಿದ್ದು ಸಭೆಗೆ ಬರಬೇಕೋ ಬೇಡವೋ ಎಂಬುದು ಆ ತಾಯಂದಿರ ಇಷ್ಟ.

ಆ ಸಲದ ಬೆಳೆ ಚೆನ್ನಾಗಿ ಬಂತು, ಗೂಡು ಮಾರಿ ಬಂದೆ. ಮಾರನೇ ದಿನ ಪಕ್ಕದೂರಿನ ಚಿಕ್ಕಮ್ಮನ ಮನೆಗೆ ಹೋಗಿ ಮೊಬೈಲು ಮುಂದಿಟ್ಟು ಕೂತೆ. "ನಿಮ್ಮಮ್ಮ ಹಾಡಿದಷ್ಟು ನಂಗೆ ಬರಲ್ಲ ಕಣಪ್ಪ" ಎನ್ನುತ್ತಲೇ ಚಿಕ್ಕಮ್ಮ ಏಳು ಪದ ಹಾಡಿದರು. ಅದರಲ್ಲಿ ಎರಡು, ನಾನು ಅಳಿಸಿದ ಕ್ಯಾಸೆಟ್ಟಿನಲ್ಲಿದ್ದವು.